ಲಂಗರು ಹಿಡಿಯುತ್ತಿಲ್ಲವೇ? ಮೊದಲು ಹಗ್ಗ, ಸರಪಳಿ ನೋಡಿ

ಲಂಗರು ಹಾಕಿ ಬಲೆ ಬಿಡಿಸಲು ಕೂತರೆ ದೋಣಿ ನಿಂತಲ್ಲಿ ನಿಲ್ಲುವುದಿಲ್ಲ. ಇಲ್ಲವೇ ನಿಲ್ಲುತ್ತದೆ, ಆದರೆ ಪ್ರತಿ ಅಲೆಗೂ ಮೂತಿಯನ್ನು ಯಾರೋ ಹಿಡಿದು ಜಗ್ಗಿದ ಹಾಗೆ ಆಗುತ್ತದೆ. ಅಥವಾ ಬೆಳಗ್ಗೆ ನೋಡಿದರೆ ಹಗ್ಗದ ತುಂಡು ಮಾತ್ರ ಉಳಿದಿರುತ್ತದೆ, ಲಂಗರು ತಳದಲ್ಲೇ. ಹೀಗಾದಾಗ ಹೆಚ್ಚಿನವರು ಮೊದಲು ಮಾಡುವುದು ಇನ್ನೂ ಭಾರದ ಲಂಗರು ತರುವುದು. ನನ್ನ ಪ್ರಕಾರ ಅದು ಕೊನೆಯಲ್ಲಿ ಮಾಡಬೇಕಾದ ಕೆಲಸ. ಸಣ್ಣ ದೋಣಿಯಲ್ಲಿ ದೋಷ ಬಹಳ ಸಲ ಲಂಗರಿನಲ್ಲಿ ಇರುವುದಿಲ್ಲ. ಲಂಗರಿಗೂ ದೋಣಿಗೂ ನಡುವೆ ಇರುವ ಹಗ್ಗ, ಸರಪಳಿ, ಅವನ್ನು ಜೋಡಿಸಿರುವ ರೀತಿ, ಇವುಗಳಲ್ಲಿ ಎಲ್ಲೋ ಇರುತ್ತದೆ.

ಇಲ್ಲಿ ಹೇಳುವುದು 5 ರಿಂದ 8 ಮೀಟರ್ ಉದ್ದದ, ಕೈಯಿಂದಲೇ ಲಂಗರು ಎಳೆಯುವ ದೋಣಿಗಳ ಬಗ್ಗೆ. ದೊಡ್ಡ ದೋಣಿಗಳ ಲೆಕ್ಕ ಬೇರೆ.

ಮೇಲೆ ಬಂದ ಲಂಗರನ್ನು ತೊಳೆಯುವ ಮೊದಲು

ಲಂಗರು ಜಾರಿದ ಮೇಲೆ ಅದನ್ನು ಎತ್ತಿದ ಕೂಡಲೇ ನೀರಲ್ಲಿ ಜಾಲಾಡಿ ಒಳಗೆ ಹಾಕಿಬಿಡುತ್ತೇವೆ. ಸ್ವಲ್ಪ ತಡೆಯಿರಿ. ಅರ್ಧ ಉತ್ತರ ಅದರ ಮೈಮೇಲೇ ಇರುತ್ತದೆ.

ಕೊಕ್ಕೆಗಳ ತುಂಬ ಕೆಸರು ಮೆತ್ತಿದ್ದರೆ ಲಂಗರು ತಳಕ್ಕೆ ಕಚ್ಚಿತ್ತು, ಆಮೇಲೆ ಕಿತ್ತು ಬಂದಿದೆ. ಕೊಕ್ಕೆ ಶುಭ್ರವಾಗಿದ್ದು ಬೆನ್ನ ಮೇಲೆ ಮಾತ್ರ ಹೊಸ ಗೀರುಗಳಿದ್ದರೆ ಅದು ಕಚ್ಚಲೇ ಇಲ್ಲ, ಸುಮ್ನೆ ತಳದ ಮೇಲೆ ಉಜ್ಜಿಕೊಂಡು ಬಂದಿದೆ. ಸರಪಳಿ ಕೊಕ್ಕೆಗೆ ಸುತ್ತಿಕೊಂಡಿದ್ದರೆ ಎಸೆದ ರೀತಿಯೇ ತಪ್ಪು. ಲಂಗರನ್ನು ಎಸೆಯಬಾರದು, ಇಳಿಸಬೇಕು. ರಾಶಿಯಾಗಿ ಎಸೆದರೆ ಸರಪಳಿ ಲಂಗರಿನ ಮೇಲೇ ಗುಡ್ಡೆ ಬೀಳುತ್ತದೆ. ಜೊಂಡು ಉಂಡೆಯಾಗಿ ಸಿಕ್ಕಿಕೊಂಡಿದ್ದರೆ ಹಗ್ಗವನ್ನೂ ಸರಪಳಿಯನ್ನೂ ಬೈಯಬೇಡಿ, ಜಾಗ ಬದಲಿಸಿ.

ಈಗ ಸರಪಳಿ ನೋಡಿ. ಕೆಸರಿನ ತಳದಲ್ಲಿ ಇದು ತುಂಬಾ ಒಳ್ಳೆಯ ಗುರುತು. ಸರಪಳಿ ಉದ್ದಕ್ಕೂ ಕೆಸರಾಗಿದ್ದರೆ ಅದು ತಳದ ಮೇಲೆ ಮಲಗಿತ್ತು ಎಂದರ್ಥ, ಅಂದರೆ ಎಳೆತ ಅಡ್ಡಕ್ಕೆ ಇತ್ತು. ಲಂಗರಿನ ಹತ್ತಿರ ಒಂದೆರಡು ಮೊಳ ಮಾತ್ರ ಕೆಸರಾಗಿ ಉಳಿದದ್ದು ಶುಭ್ರವಾಗಿದ್ದರೆ ಸರಪಳಿ ಮೇಲಕ್ಕೆ ಎದ್ದು ನಿಂತಿತ್ತು. ಎಳೆತ ಮೇಲ್ಮುಖವಾಗಿತ್ತು. ಕಚ್ಚಿದ ಲಂಗರನ್ನು ಬಿಡಿಸಿಕೊಳ್ಳಲು ನಾವು ಮಾಡುವುದೂ ಅದೇ ಅಲ್ವಾ, ನೇರ ಮೇಲಕ್ಕೆ ಎಳೆಯುವುದು? ಆ ಕೆಲಸವನ್ನು ಇಲ್ಲಿ ಅಲೆಗಳೇ ಮಾಡಿವೆ.

ಜಾರುತ್ತಿದ್ದರೆ ಮೊದಲ ಅನುಮಾನ ಉದ್ದದ ಮೇಲೆ

ಎಷ್ಟು ಹಗ್ಗ ಬಿಡಬೇಕು ಎನ್ನುವುದಕ್ಕೆ ಎಲ್ಲ ಕಡೆ ನಡೆಯುವ ಲೆಕ್ಕ ಆಳದ 7 ಪಟ್ಟು. ಗಾಳಿ ಜೋರಾದರೆ 10 ಪಟ್ಟು. ಹಗಲಿನಲ್ಲಿ, ಶಾಂತ ನೀರಿನಲ್ಲಿ, ಎಲ್ಲರೂ ಎಚ್ಚರವಾಗಿರುವಾಗ 5 ಪಟ್ಟು ಸಾಕು. ಇದರಲ್ಲಿ ಸರಪಳಿಯ ಉದ್ದವೂ ಸೇರುತ್ತದೆ.

ಈ ಲೆಕ್ಕ ಬಹಳ ಜನರಿಗೆ ಗೊತ್ತು. ತಪ್ಪುವುದು 'ಆಳ' ಅಂದರೆ ಯಾವುದು ಎನ್ನುವಲ್ಲಿ. ಹಗ್ಗ ಶುರುವಾಗುವುದು ನೀರಿನ ಮೇಲ್ಮೈಯಿಂದ ಅಲ್ಲ, ದೋಣಿಯ ಮೂತಿಯಿಂದ. ನೀರೂ ಇದ್ದ ಹಾಗೇ ಇರುವುದಿಲ್ಲ, ಉಬ್ಬರಕ್ಕೆ ಏರುತ್ತದೆ. ಇಳಿತದ ಹೊತ್ತಿನಲ್ಲಿ 3 ಮೀಟರ್ ಆಳದಲ್ಲಿ ನಿಂತಿದ್ದೀರಿ ಎನ್ನಿ. ಏಳರಿಂದ ಗುಣಿಸಿ 21 ಮೀಟರ್ ಬಿಟ್ಟಿರಿ. ಮೂತಿ ನೀರಿನಿಂದ 1 ಮೀಟರ್ ಮೇಲಿದೆ. ರಾತ್ರಿ ಉಬ್ಬರಕ್ಕೆ ನೀರು ಇನ್ನೂ 2 ಮೀಟರ್ ಏರಿತು. ಈಗ ಲೆಕ್ಕಕ್ಕೆ ಬರುವ ಆಳ 6 ಮೀಟರ್. ನಿಮ್ಮ 21 ಮೀಟರ್ ಬರೀ ಮೂರೂವರೆ ಪಟ್ಟು ಆಯಿತು. ಬೇಕಿದ್ದದ್ದು 42. ಸಂಜೆ ಗಟ್ಟಿಯಾಗಿ ನಿಂತ ದೋಣಿ ನಡುರಾತ್ರಿ ಜಾರಲು ಶುರುವಾದರೆ ಮೊದಲು ಈ ಲೆಕ್ಕ ಹಾಕಿ ನೋಡಿ.

ಪಟ್ಟು ಕಡಿಮೆಯಾದರೆ ಏನಾಗುತ್ತದೆ? ಹಗ್ಗ ನೆಟ್ಟಗೆ ಬಿಗಿದಾಗ ತಳಕ್ಕೂ ಅದಕ್ಕೂ ನಡುವಿನ ಕೋನ 7 ಪಟ್ಟಿನಲ್ಲಿ ಸುಮಾರು 8 ಡಿಗ್ರಿ. 5 ಪಟ್ಟಿನಲ್ಲಿ ಹನ್ನೊಂದೂವರೆ. 3 ಪಟ್ಟಿಗೆ ಬಂದರೆ 19 ಡಿಗ್ರಿ ದಾಟುತ್ತದೆ. ಕೋನ ಏರಿದಷ್ಟೂ ಲಂಗರು ತಳದೊಳಗೆ ಇಳಿಯುವ ಬದಲು ಮೇಲೇಳುತ್ತದೆ. 10 ಪಟ್ಟು ಬಿಟ್ಟರೆ ಕೋನ 6 ಡಿಗ್ರಿಗಿಂತ ಕಡಿಮೆ. ಅಂದರೆ 7 ರಿಂದ 10ಕ್ಕೆ ಹೋದಾಗ ಸಿಗುವ ಲಾಭ ಎರಡೂವರೆ ಡಿಗ್ರಿ ಮಾತ್ರ. 3 ರಿಂದ 5ಕ್ಕೆ ಹೋದಾಗ ಸಿಗುವುದು 8 ಡಿಗ್ರಿ. ಹಗ್ಗ ಕಡಿಮೆ ಇದ್ದವರು ಮೊದಲು ಆ 5 ಪಟ್ಟನ್ನಾದರೂ ಮುಟ್ಟಬೇಕು.

ಪರೀಕ್ಷೆ ಸುಲಭ, ಖರ್ಚೂ ಇಲ್ಲ. ದೋಣಿ ಜಾರುತ್ತಿರುವಾಗ ಇನ್ನೊಂದು 10 ಮೀಟರ್ ಹಗ್ಗ ಬಿಡಿ. ಒಂದೇ ಸಲ ಸಡಿಲ ಬಿಡದೆ, ನಿಧಾನವಾಗಿ ಜಾರಿಸುತ್ತಾ ಬಿಟ್ಟು ಕಟ್ಟಿ. ಹಿಡಿದುಕೊಂಡಿತು ಎಂದರೆ ದೋಷ ಸಿಕ್ಕಿತು. ಲಂಗರಿನ ಅಂಗಡಿಗೆ ಹೋಗುವ ಕೆಲಸ ಉಳಿಯಿತು.

ಎಷ್ಟು ಬಿಟ್ಟಿದ್ದೀರಿ ಎಂದೇ ಗೊತ್ತಿಲ್ಲದಿದ್ದರೆ ಈ ಲೆಕ್ಕವೆಲ್ಲ ದಂಡ. ಪ್ರತಿ 5 ಮೀಟರಿಗೆ ಹಗ್ಗದ ಎಳೆಗಳ ನಡುವೆ ಬಣ್ಣದ ದಾರ ಸೇರಿಸಿ. ಮಾರಿನ ಲೆಕ್ಕ ರೂಢಿಯಾದವರು ಮಾರಿನಲ್ಲೇ ಗುರುತು ಮಾಡಬಹುದು, ಆದರೆ ಒಬ್ಬರ ಮಾರು ಇನ್ನೊಬ್ಬರ ಮಾರಲ್ಲ. ದೋಣಿಯಲ್ಲಿ ಇಬ್ಬರು ಮೂವರು ಕೆಲಸ ಮಾಡುವವರಿದ್ದರೆ ಟೇಪು ಹಿಡಿದು ಅಳೆಯುವುದೇ ಮೇಲು.

ಮೀನಿಗಾಗಿ 30 ಮೀಟರ್ ಆಳದಲ್ಲಿ ನಿಲ್ಲುವವರಿಗೆ 7 ಪಟ್ಟು ಅಂದರೆ 200 ಮೀಟರಿಗೂ ಜಾಸ್ತಿ ಹಗ್ಗ. ಸಣ್ಣ ದೋಣಿಯಲ್ಲಿ ಅದು ಆಗದ ಮಾತು. ಅಲ್ಲಿ 3 ಪಟ್ಟಿನಲ್ಲೇ ನಿಲ್ಲುತ್ತಾರೆ, ಸರಪಳಿ ಉದ್ದ ಮಾಡಿಕೊಳ್ಳುತ್ತಾರೆ. ತಪ್ಪೇನಿಲ್ಲ. ಆದರೆ ಅದು ಕೆಲಸ ಮಾಡುವಾಗ ನಿಲ್ಲುವ ರೀತಿ, ಮಲಗುವಾಗ ನಿಲ್ಲುವ ರೀತಿಯಲ್ಲ.

ಸರಪಳಿ ಎಷ್ಟಿರಬೇಕು?

ಕನಿಷ್ಠ ದೋಣಿಯ ಉದ್ದದಷ್ಟು. 6 ಮೀಟರ್ ದೋಣಿಗೆ 6 ಮೀಟರ್. ಒಂದೂವರೆ ಮೀಟರ್ ಸರಪಳಿ ನೇತುಹಾಕಿಕೊಂಡು 'ಚೈನ್ ಇದೆ' ಎನ್ನುವವರು ಬಹಳ. ಅಷ್ಟು ಚಿಕ್ಕದು ಎಳೆತವನ್ನು ತಗ್ಗಿಸುವುದಿಲ್ಲ.

ಸರಪಳಿಗೆ ಇರುವುದು ಎರಡು ಕೆಲಸ. ತನ್ನ ಭಾರದಿಂದ ಎಳೆತವನ್ನು ತಳಕ್ಕೆ ತಗ್ಗಿಸುವುದು ಒಂದು. ತಳದ ಬಂಡೆ, ಚಿಪ್ಪುಗಳಿಗೆ ಹಗ್ಗ ಉಜ್ಜದಂತೆ ಕಾಯುವುದು ಇನ್ನೊಂದು. 6 ಮಿಲಿಮೀಟರ್ ಸರಪಳಿ ಮೀಟರಿಗೆ ಸುಮಾರು 800 ಗ್ರಾಂ, 8 ಮಿಲಿಮೀಟರಿನದು ಸುಮಾರು 1.4 ಕೆಜಿ ತೂಗುತ್ತದೆ. ಮರಳು, ಕೆಸರಿನ ತಳವಾದರೆ 6 ಮೀಟರ್ ಉದ್ದದ 8 ಮಿಮೀ ಸರಪಳಿ ಸಾಕು. ಬಂಡೆಯ ತಳದಲ್ಲಿ ಅದೇ ತೂಕಕ್ಕೆ 10 ಮೀಟರ್ ಉದ್ದದ 6 ಮಿಮೀ ಸರಪಳಿಯೇ ನನಗೆ ಇಷ್ಟ. ಅಲ್ಲಿ ಹಗ್ಗವನ್ನು ಬಂಡೆಯಿಂದ ದೂರ ಇಡುವುದು ಮುಖ್ಯ. ಒಂದು ಮಾತು ನೆನಪಿರಲಿ: ಲಂಗರು ತಳ ಬಿಟ್ಟ ಮೇಲೆ ಲಂಗರು, ಸರಪಳಿ ಎರಡರ ಭಾರವೂ ಕೈಗೆ ಬರುತ್ತದೆ. ಎತ್ತಲು ಆಗದಷ್ಟು ಭಾರ ಮಾಡಿಕೊಂಡರೆ ಜಾಗ ಬದಲಿಸಬೇಕಾದಾಗ ಮನಸ್ಸೇ ಬರುವುದಿಲ್ಲ.

ಸರಪಳಿ ಭಾರವಿದ್ದರೆ ಎಂಥ ಗಾಳಿಗೂ ಸಾಕು ಎಂದು ನಂಬಬೇಡಿ. ಗಾಳಿಯ ವೇಗ ಎರಡು ಪಟ್ಟಾದರೆ ಅದು ದೋಣಿಯನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಆ ಹೊತ್ತಿಗೆ ಸಣ್ಣ ದೋಣಿಯ ಸರಪಳಿ ಪೂರ್ತಿ ಎದ್ದು ನೆಟ್ಟಗಾಗಿರುತ್ತದೆ. ಅಲ್ಲಿಂದ ಮುಂದೆ ದೋಣಿಯನ್ನು ಕಾಯುವುದು ಹಗ್ಗದ ಉದ್ದ ಮತ್ತು ಅದರ ಹಿಗ್ಗುವ ಗುಣ.

ಜಗ್ಗುತ್ತಿದ್ದರೆ ಹಗ್ಗ ಯಾವುದು ಎಂದು ನೋಡಿ

ಒಂದು ಗೇಣು ಹಗ್ಗ ಕತ್ತರಿಸಿ ಬಕೆಟ್ ನೀರಿಗೆ ಹಾಕಿ, ಗಾಳಿ ಹೋಗುವಂತೆ ಕೈಯಿಂದ ಹಿಂಡಿ. ತೇಲಿದರೆ ಅದು ಪಾಲಿಪ್ರೊಪಿಲೀನ್ ಅಥವಾ ಪಾಲಿಎಥಿಲೀನ್. ಮುಳುಗಿದರೆ ನೈಲಾನ್ ಅಥವಾ ಪಾಲಿಯೆಸ್ಟರ್. ಈ ಎರಡರಲ್ಲಿ ಯಾವುದು ಎಂದು ತಿಳಿಯಲು ಒಂದೇ ದಪ್ಪದ ತುಂಡುಗಳನ್ನು ಗೂಟಕ್ಕೆ ಕಟ್ಟಿ ಮೈಭಾರ ಹಾಕಿ ಜಗ್ಗಿ. ಹೆಚ್ಚು ಹಿಗ್ಗಿ ಮತ್ತೆ ಕುಗ್ಗುವುದು ನೈಲಾನ್.

ಲಂಗರಿಗೆ ಬೇಕಾದದ್ದು ಮೂರು ಎಳೆ ಹೊಸೆದ ನೈಲಾನ್. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಅಲೆ ಬಂದು ಮೂತಿ ಮೇಲೆದ್ದಾಗ ನೈಲಾನ್ ಹಿಗ್ಗಿ ಆ ಹೊಡೆತವನ್ನು ನುಂಗುತ್ತದೆ. ಪಾಲಿಯೆಸ್ಟರ್ ಗಟ್ಟಿ, ಬಿಸಿಲಿಗೂ ಬಾಳುತ್ತದೆ, ಆದರೆ ಅಷ್ಟಾಗಿ ಹಿಗ್ಗುವುದಿಲ್ಲ. ಹೊಡೆತ ನೇರ ಲಂಗರಿಗೆ ಮತ್ತು ದೋಣಿಯ ಗೂಟಕ್ಕೆ ಹೋಗುತ್ತದೆ. ಪ್ರತಿ ಅಲೆಗೂ ಹೀಗೆ ಜಗ್ಗಿಸಿಕೊಂಡ ಲಂಗರು ಸ್ವಲ್ಪ ಸ್ವಲ್ಪವೇ ಸಡಿಲವಾಗುತ್ತದೆ. ಹಾಗಾಗಿ ಜಗ್ಗುವುದೂ ಜಾರುವುದೂ ಎಷ್ಟೋ ಸಲ ಒಂದೇ ದೋಷದ ಎರಡು ಮುಖ.

ತೇಲುವ ಹಗ್ಗದ ತೊಂದರೆ ಬೇರೆ ಥರ. ಗಾಳಿ ನಿಂತಾಗ ಹಗ್ಗ ಸಡಿಲವಾಗಿ ನೀರಿನ ಮೇಲೆ ಹರಡಿಕೊಳ್ಳುತ್ತದೆ. ಪಕ್ಕದಲ್ಲಿ ಹೋಗುವ ದೋಣಿಯ ಪ್ರೊಪೆಲ್ಲರ್ ಅದನ್ನು ಕತ್ತರಿಸಿಕೊಂಡು ಹೋಗುತ್ತದೆ. ನಿಮ್ಮದೇ ಪ್ರೊಪೆಲ್ಲರಿಗೂ ಸುತ್ತಬಹುದು. ಜೊತೆಗೆ ಬಿಸಿಲಿಗೆ ಪಾಲಿಪ್ರೊಪಿಲೀನ್ ಬೇಗ ಹಾಳಾಗುತ್ತದೆ. ಇರುವ ಹಗ್ಗವನ್ನು ಬಿಸಾಡಬೇಕಿಲ್ಲ, ಲಂಗರಿನ ಗುರುತಿಗೆ ತೇಲುವ ಬುರುಡೆ ಕಟ್ಟಲು ಅದು ಚೆನ್ನಾಗಿರುತ್ತದೆ.

ನೈಲಾನ್ ಹಾಕಿದರೂ ಜಗ್ಗುತ್ತದೆ ಎಂದರೆ ದಪ್ಪ ನೋಡಿ. 'ಗಟ್ಟಿ ಇರಲಿ' ಎಂದು 16 ಮಿಮೀ ಹಗ್ಗ ತಂದಿರುತ್ತಾರೆ. ಆದರೆ 16 ಮಿಮೀ ಹಗ್ಗದಲ್ಲಿ 10 ಮಿಮೀ ಹಗ್ಗಕ್ಕಿಂತ ಎರಡೂವರೆ ಪಟ್ಟು ಹೆಚ್ಚು ನೂಲು ಇರುತ್ತದೆ. ಸಣ್ಣ ದೋಣಿಯ ಎಳೆತಕ್ಕೆ ಅದು ಹಿಗ್ಗುವುದೇ ಇಲ್ಲ, ನೈಲಾನ್ ಹಾಕಿದ್ದರ ಪ್ರಯೋಜನವೇ ಹೋಯಿತು. 6 ರಿಂದ 7 ಮೀಟರ್ ದೋಣಿಗೆ 10 ಅಥವಾ 12 ಮಿಮೀ ಸರಿಯಾದ ಅಳತೆ. ನಾನಾದರೆ 12 ಆರಿಸುತ್ತೇನೆ. ಬಲಕ್ಕಾಗಿ ಅಲ್ಲ, ಒದ್ದೆ ಕೈಯಲ್ಲಿ ಹಿಡಿದು ಎಳೆಯಲು. ಅದಕ್ಕಿಂತ ಸಣ್ಣದು ಅಂಗೈ ಕೊಯ್ಯುತ್ತದೆ.

ತುಂಡಾದ ತುದಿಯನ್ನು ಬಿಸಾಡಬೇಡಿ

ಹೊಸ 12 ಮಿಮೀ ನೈಲಾನ್ ಹಗ್ಗ ಸುಮಾರು 3,000 ಕೆಜಿ ಎಳೆತಕ್ಕೆ ತುಂಡಾಗುತ್ತದೆ. ಒದ್ದೆಯಾದಾಗ ಆ ಬಲ 10 ರಿಂದ 15 ಶೇಕಡಾ ಇಳಿಯುತ್ತದೆ. ಆದರೂ ಸಣ್ಣ ದೋಣಿಯ ಎಳೆತಕ್ಕೆ ಅದು ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು. ಹಾಗಿದ್ದೂ ಹಗ್ಗ ಕಿತ್ತುಹೋಗಿದೆ ಎಂದರೆ ಕಾರಣ ಎಳೆತವಲ್ಲ, ಆ ಜಾಗ ಮೊದಲೇ ಸತ್ತಿತ್ತು. ಹೇಗೆ ಸತ್ತಿತು ಎಂದು ತುದಿ ನೋಡಿದರೆ ಗೊತ್ತಾಗುತ್ತದೆ. ದೋಣಿಯಿಂದ ಎಷ್ಟು ದೂರದಲ್ಲಿ ಕಿತ್ತಿದೆ ಎನ್ನುವುದನ್ನೂ ಅಳೆದುಕೊಳ್ಳಿ.

ಎಳೆಗಳು ಒಂದು ಮಗ್ಗುಲಿಗೆ ಸವೆದು, ಬೂರಿನಂತೆ ನೂಲು ಎದ್ದಿದ್ದರೆ ಅದು ಉಜ್ಜಾಟ. ದೋಣಿಯ ಹತ್ತಿರ ಕಿತ್ತಿದ್ದರೆ ಮೂತಿಯ ಅಂಚಿಗೆ ಉಜ್ಜಿದೆ. ಸರಪಳಿಯ ಹತ್ತಿರ ಕಿತ್ತಿದ್ದರೆ ತಳಕ್ಕೆ ಉಜ್ಜಿದೆ, ಅಂದರೆ ಸರಪಳಿ ಸಾಲದು. ಚಾಕುವಿನಲ್ಲಿ ಕೊಯ್ದ ಹಾಗಿದ್ದರೆ ಚಿಪ್ಪು, ಬಂಡೆಯ ಚೂಪು, ಇಲ್ಲವೇ ಪ್ರೊಪೆಲ್ಲರ್.

ತುದಿ ಕರಗಿ, ಗಟ್ಟಿಯಾಗಿ, ಹೊಳೆಯುತ್ತಿದ್ದರೆ ಬಿಸಿ. ನೀರಿನಲ್ಲಿರುವ ಹಗ್ಗಕ್ಕೆ ಬಿಸಿ ಎಲ್ಲಿಂದ ಎಂದು ಆಶ್ಚರ್ಯವಾಗಬಹುದು. ಗಂಟೆಗಟ್ಟಲೆ ಬಿಗಿದು ಸಡಿಲಾಗುತ್ತಿದ್ದರೆ ನೈಲಾನಿನ ಎಳೆಗಳು ಒಳಗೊಳಗೇ ಉಜ್ಜಿಕೊಂಡು ಕಾಯುತ್ತವೆ. ಉಜ್ಜಾಟ ತಪ್ಪಿಸಲು ಮೂತಿಯ ಬಳಿ ಪೈಪಿನ ತುಂಡು ತೂರಿಸಿರುತ್ತಾರಲ್ಲ, ಬಿರುಗಾಳಿಯಲ್ಲಿ ಅದೇ ಶತ್ರು. ಒಳಗೆ ನೀರು ಹೋಗುವುದಿಲ್ಲ, ಬಿಸಿ ಹೊರಗೆ ಬರುವುದಿಲ್ಲ. ದಪ್ಪ ಕ್ಯಾನ್ವಾಸ್ ಬಟ್ಟೆ ಸುತ್ತಿದರೆ ಅದು ನೀರು ಹೀರಿ ಹಗ್ಗವನ್ನು ತಣ್ಣಗಿಡುತ್ತದೆ.

ಮೂರೂ ಎಳೆ ಒಂದೇ ಜಾಗದಲ್ಲಿ, ಗಂಟಿನ ಬುಡದಲ್ಲೇ ಕಿತ್ತಿದ್ದರೆ ತಪ್ಪು ಗಂಟಿನದು. ಗಂಟು ಹಾಕಿದ ಕಡೆ ಹಗ್ಗದ ಬಲ ಅರ್ಧದ ಹತ್ತಿರಕ್ಕೆ ಇಳಿಯಬಹುದು. ಎಳೆ ಬಿಚ್ಚಿ ಹಗ್ಗದೊಳಗೇ ಹೆಣೆದು ಮಾಡಿದ ಕುಣಿಕೆಯಲ್ಲಿ ನಷ್ಟ ಹತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ. ನೈಲಾನ್ ನುಣುಪಾಗಿರುವುದರಿಂದ ಹೆಣಿಗೆ ಕನಿಷ್ಠ ಐದು ಸುತ್ತಾದರೂ ಇರಲಿ. ಬಣ್ಣ ಮಾಸಿ, ಉಗುರಲ್ಲಿ ಕೆರೆದರೆ ಪುಡಿ ಉದುರಿದರೆ ಬಿಸಿಲು ತಿಂದಿದೆ, ಅದಕ್ಕೆ ಔಷಧಿಯಿಲ್ಲ. ಹುರಿ ಬಿಚ್ಚಿಕೊಂಡು ಒಂದು ಎಳೆ ಉಂಗುರದಂತೆ ಹೊರಗೆ ಚಾಚಿದ ಜಾಗವಿದ್ದರೆ ಅಲ್ಲೂ ಬಲ ಹೋದಂತೆಯೇ. ಅದು ಕೈಯಲ್ಲಿ ಒತ್ತಿದರೆ ಸರಿಯಾದ ಹಾಗೆ ಕಾಣುತ್ತದೆ, ಸರಿಯಾಗಿರುವುದಿಲ್ಲ. ಕತ್ತರಿಸಿ ಮತ್ತೆ ಹೆಣೆಯಬೇಕು.

ಹಗ್ಗ ಪೂರ್ತಿ ಸುರುಳಿ ಸುತ್ತಿಕೊಂಡು ಕಾಟ ಕೊಡುತ್ತಿದ್ದರೆ, ಲಂಗರು ಸರಪಳಿ ಬಿಚ್ಚಿಟ್ಟು, ಬರೀ ಹಗ್ಗವನ್ನು ತೆರೆದ ನೀರಿನಲ್ಲಿ ದೋಣಿಯ ಹಿಂದೆ ಎಳೆದುಕೊಂಡು ಹೋಗಿ. ಹುರಿ ತಾನೇ ಬಿಚ್ಚಿಕೊಳ್ಳುತ್ತದೆ. ಎಳೆಯುವಾಗ ಪ್ರೊಪೆಲ್ಲರ್ ಕಡೆ ಒಂದು ಕಣ್ಣಿರಲಿ. ಉಪ್ಪು ಹಿಡಿದು ಬಿರುಸಾದ ಹಗ್ಗಕ್ಕೆ ಸಿಹಿನೀರಿನ ಸ್ನಾನ ಸಾಕು.

ಜೋಡಣೆ

ಹಗ್ಗ, ಸರಪಳಿ ಎರಡೂ ಸರಿಯಿದ್ದು ಲಂಗರು ಕಳೆದುಹೋಗಿದ್ದರೆ ಶ್ಯಾಕಲ್ (ಇವನ್ನು ಒಂದಕ್ಕೊಂದು ಜೋಡಿಸುವ U ಆಕಾರದ ಕೊಂಡಿ) ಪಿನ್ ಬಿಚ್ಚಿಕೊಂಡಿದೆ. ಬೇರೆ ಕಾರಣ ಹುಡುಕುವ ಅಗತ್ಯವೇ ಇಲ್ಲ. ಪಿನ್ ಎಷ್ಟು ಬಿಗಿ ಮಾಡಿದರೂ ಅಲುಗಾಟಕ್ಕೆ ತಿರುಗುತ್ತದೆ. ಪಿನ್ನಿನ ತೂತಿಗೆ ತಂತಿ ಹಾಕಿ ಶ್ಯಾಕಲ್ ಮೈಗೆ ಕಟ್ಟಲೇಬೇಕು. ಶ್ಯಾಕಲ್ ಸರಪಳಿಗಿಂತ ಒಂದು ಅಳತೆ ದೊಡ್ಡದಿರಲಿ, 8 ಮಿಮೀ ಸರಪಳಿಗೆ 10 ಮಿಮೀ ಶ್ಯಾಕಲ್.

ಶ್ಯಾಕಲ್ ಹತ್ತಿರದ ಕೊಂಡಿಗಳು ಮಾತ್ರ ಬೇಗ ತುಕ್ಕು ಹಿಡಿಯುತ್ತಿದ್ದರೆ ಶ್ಯಾಕಲ್ ಸ್ಟೇನ್‌ಲೆಸ್ ಸ್ಟೀಲಿನದೇ ನೋಡಿ. ಸತುವಿನ ಲೇಪವಿರುವ ಸರಪಳಿಗೆ ಸ್ಟೇನ್‌ಲೆಸ್ ತಗುಲಿಕೊಂಡು ಉಪ್ಪುನೀರಿನಲ್ಲಿದ್ದರೆ ಹತ್ತಿರದ ಸತು ಮೊದಲು ಕರಗಿಹೋಗುತ್ತದೆ. ಎಲ್ಲವೂ ಗ್ಯಾಲ್ವನೈಸ್ ಮಾಡಿದ್ದೇ ಇರಲಿ. ಸ್ಟೇನ್‌ಲೆಸ್ ಚೆಂದ ಕಾಣುತ್ತದೆ ನಿಜ, ಕೆಸರಿನಲ್ಲಿ ಹೂತು ಗಾಳಿ ಸಿಗದಿದ್ದಾಗ ಅದೂ ಸಂದುಗಳಲ್ಲಿ ಒಳಗೊಳಗೇ ತಿನ್ನಿಸಿಕೊಳ್ಳುತ್ತದೆ.

ಸರಪಳಿಯ ಸವೆತವನ್ನು ಕೊಂಡಿಗೆ ಕೊಂಡಿ ತಾಗುವ ಜಾಗದಲ್ಲಿ ಅಳೆಯಿರಿ. ಹೊರಮೈ ನೋಡಿ ಮೋಸಹೋಗಬೇಡಿ. 8 ಮಿಮೀ ಇದ್ದದ್ದು 7.2ಕ್ಕೆ ಬಂದಿದ್ದರೆ, ಅಂದರೆ ಹತ್ತನೇ ಒಂದು ಪಾಲು ಸವೆದಿದ್ದರೆ, ಬದಲಿಸಿ. ಅಷ್ಟು ಸವೆಯುವ ಮೊದಲೇ ತುದಿ ಅದಲುಬದಲು ಮಾಡಿದರೆ ಇನ್ನಷ್ಟು ಕಾಲ ಬರುತ್ತದೆ. ಹಗ್ಗಕ್ಕೂ ಇದೇ ಉಪಾಯ ನಡೆಯುತ್ತದೆ.

ಹಗ್ಗದ ಕುಣಿಕೆಯೊಳಗೆ ಥಿಂಬಲ್, ಅಂದರೆ ಒಳಮೈಗೆ ಕೂರುವ ಲೋಹದ ಬಳೆ, ಇರಬೇಕು, ಇಲ್ಲದಿದ್ದರೆ ಶ್ಯಾಕಲ್ ಹಗ್ಗವನ್ನು ಗರಗಸದಂತೆ ತಿನ್ನುತ್ತದೆ. ಥಿಂಬಲ್ ಸಡಿಲವಾಗಿ ಆಡುತ್ತಿದ್ದರೆ ನೈಲಾನ್ ಹಿಗ್ಗಿದೆ ಎಂದರ್ಥ, ಅಲ್ಲಿ ದಾರ ಸುತ್ತಿ ಬಿಗಿ ಮಾಡಿ. ಸರಪಳಿಯ ತುಕ್ಕು ಹತ್ತಿ ಕೆಂಪಾದ ಹಗ್ಗದ ಭಾಗವನ್ನು ನಂಬಬೇಡಿ, ಅಷ್ಟನ್ನು ಕತ್ತರಿಸಿ. ಸ್ವಿವೆಲ್, ಅಂದರೆ ಹುರಿ ಏರದಂತೆ ತಾನೇ ತಿರುಗುವ ಕೊಂಡಿ, ಬೇಕೇ ಎಂದು ಕೇಳುತ್ತಾರೆ. ಇಷ್ಟು ಸಣ್ಣ ದೋಣಿಗೆ ಬೇಡ. ಅದು ಮುರಿಯಬಹುದಾದ ಇನ್ನೊಂದು ಜಾಗ, ಅಷ್ಟೇ.

ದೋಣಿಯ ಕಡೆಯ ತುದಿ

ಹಗ್ಗದ ಕೊನೆ ದೋಣಿಗೆ ಕಟ್ಟಿರಬೇಕು. ಹೇಳುವುದೇ ಬೇಡ ಅನ್ನಿಸಬಹುದು, ಆದರೆ ಕತ್ತಲಲ್ಲಿ ಸರಸರ ಹೊರಟ ಹಗ್ಗ ಪೂರ್ತಿ ನೀರಿಗೆ ಹೋದದ್ದು ಎಷ್ಟೋ ಇವೆ. ಕಟ್ಟಲು ಸಣ್ಣ ಹಗ್ಗವೊಂದನ್ನು ಬಳಸಿ. ಬಿಟ್ಟು ಓಡಬೇಕಾದ ಹೊತ್ತಿನಲ್ಲಿ ಚಾಕು ಹಾಕಿದರೆ ಕಿತ್ತುಹೋಗುವಂತಿರಲಿ.

ಯಾವ ಕಾರಣಕ್ಕೂ ಲಂಗರನ್ನು ದೋಣಿಯ ಹಿಂಭಾಗಕ್ಕೆ ಕಟ್ಟಿ ನಿಲ್ಲಬೇಡಿ. ಹಿಂದೆ ಎಂಜಿನ್ನಿನ ಭಾರವಿದೆ, ಅಂಚು ತಗ್ಗು. ಅಲೆಯೊಂದು ಒಳಗೆ ಬಂದರೆ ಭಾರ ಇನ್ನೂ ಹೆಚ್ಚಾಗಿ ಮುಂದಿನ ಅಲೆಗೆ ದಾರಿಯಾಗುತ್ತದೆ. ಎಷ್ಟೋ ಸಣ್ಣ ದೋಣಿಗಳು ಮುಳುಗುವುದು ಹೀಗೇ. ಬಂಡೆಗೆ ಸಿಕ್ಕಿಕೊಂಡ ಲಂಗರನ್ನು ಹಿಂಭಾಗಕ್ಕೆ ಹಗ್ಗ ಕಟ್ಟಿ ಎಂಜಿನ್ ಜೋರು ಮಾಡಿ ಕೀಳಲು ಹೋಗುವುದೂ ಅಷ್ಟೇ ಅಪಾಯ. ಬಂಡೆಯ ಜಾಗಕ್ಕೆ ಹೋಗುವವರು ಸರಪಳಿಯನ್ನು ಲಂಗರಿನ ತಲೆಯ ಕಡೆ, ಕೊಕ್ಕೆಗಳ ಬುಡಕ್ಕೆ ಶ್ಯಾಕಲ್ ಹಾಕಿ, ಅಲ್ಲಿಂದ ದಂಡದ ಉದ್ದಕ್ಕೆ ತಂದು ಮೇಲಿನ ಬಳೆಗೆ ತೆಳ್ಳಗಿನ ದಾರದಲ್ಲಿ ಕಟ್ಟುತ್ತಾರೆ. ಸಿಕ್ಕಿಕೊಂಡಾಗ ಜೋರಾಗಿ ಎಳೆದರೆ ದಾರ ಕಿತ್ತು, ಎಳೆತ ಬುಡಕ್ಕೆ ಬಂದು ಲಂಗರು ಹಿಮ್ಮುಖವಾಗಿ ಕಳಚಿಕೊಳ್ಳುತ್ತದೆ. ಆ ದಾರವನ್ನು ನಂಬಿ ರಾತ್ರಿ ಮಲಗುವಂತಿಲ್ಲ.

ಸರಿಯಾಯಿತೇ ಎಂದು ನೋಡುವುದು

ಎಲ್ಲ ಸರಿಪಡಿಸಿದ ಮೇಲೆ ಗಾಳಿ ಕಡಿಮೆ ಇರುವ ಹೊತ್ತಿನಲ್ಲಿ ಪರೀಕ್ಷೆ ಮಾಡಿ. ಲಂಗರು ತಳ ಮುಟ್ಟಿದ ಮೇಲೆ ದೋಣಿ ಹಿಂದೆ ಸರಿಯುತ್ತಾ ಹೋದ ಹಾಗೆ ಹಗ್ಗ ಬಿಡಿ. ಪೂರ್ತಿ ಉದ್ದ ಬಿಟ್ಟು ಕಟ್ಟಿ, ಎಂಜಿನ್ ನಿಧಾನಕ್ಕೆ ಹಿಮ್ಮುಖ ಹಾಕಿ. ದಡದಲ್ಲಿ ಒಂದರ ಹಿಂದೆ ಒಂದಿರುವ ಎರಡು ಗುರುತು ಹಿಡಿಯಿರಿ, ಮರ ಮತ್ತು ಅದರ ಹಿಂದಿನ ಗೋಡೆ, ಏನಾದರೂ ಆಗುತ್ತದೆ. ಅವು ಒಂದಕ್ಕೊಂದು ಸರಿಯದೆ ನಿಂತರೆ ದೋಣಿಯೂ ನಿಂತಿದೆ. ಮೂತಿಯ ಹೊರಗಿನ ಹಗ್ಗದ ಮೇಲೆ ಅಂಗೈ ಇಡಿ. ಹಿಡಿದ ಲಂಗರಿನ ಹಗ್ಗ ಬಿಗಿಯಾಗಿ, ಒಂದೇ ಸಮನೆ ಇರುತ್ತದೆ. ಜಾರುವ ಲಂಗರು ಗಡಗಡ ನಡುಗುವುದು ಕೈಗೆ ತಿಳಿಯುತ್ತದೆ.

ಇಷ್ಟಾದ ಮೇಲೂ ಜಾರಿದರೆ ಈಗ ಲಂಗರಿನ ಸರದಿ. ನಾಲ್ಕು ಕೊಕ್ಕೆಯ ಮಡಚುವ ಲಂಗರು ಬಂಡೆಗೆ ಸರಿ, ಮರಳಿನಲ್ಲಿ ಗೆರೆ ಎಳೆಯುತ್ತದೆ ಅಷ್ಟೇ. ಮರಳಿಗೂ ಕೆಸರಿಗೂ ಅಗಲ ಎಲೆಯ, ಚಪ್ಪಟೆ ಲಂಗರು ಬೇಕು. ಹೊಸದು ತರಲು ಹೋಗುವಾಗ ನಿಮ್ಮ ಶ್ಯಾಕಲ್ ಜೇಬಿನಲ್ಲಿರಲಿ. ಅದರ ಪಿನ್ ಹೊಸ ಲಂಗರಿನ ತೂತಿನಲ್ಲಿ ಸರಾಗವಾಗಿ ತೂರಿ ತಿರುಗುತ್ತದೆಯೇ ಎಂದು ಅಲ್ಲೇ ನೋಡಿಕೊಳ್ಳಿ.